ಪುಟ್ ಅಂದ್ರ ಬರೇ ಇಡೂದಲ್ಲ

ಧಾರವಾಡದ ಮಾಳಮಡ್ಡಿಯ ನಮ್ಮ ಮನೆ ಪಡಸಾಲೆಯಲ್ಲಿ ಸಂಜೆ ಏಳು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋದ ವಾರ ಒಬ್ಬ ಹುಡುಗಿ ನೋಟ್‌ಬುಕ್ ಮುಂದೆ ಹಿಡಿದಳು. ‘ಟೀಚರ್, ಪುಟ್ ಅಂದ್ರ ಇಡು ಅಂತ ಬರಕೊಂಡೇನ್ರಿ. ಪುಟ್ ಔಟ್ ದ ಫೈರ್ ಅಂದ್ರ ಬೆಂಕೀನ ಹೊರಗ ಇಡು ಅಂತ ಆಗತೈತಿ. ಬೆಂಕಿ ಹೊರಗ ಹೆಂಗ ಇಡ್ತಾರ್ರಿ?’

ಇಂಥ ಪ್ರಶ್ನೆ ಕೇಳಲು ನನಗೆ ಆಗ ಯಾರೂ ಇರಲಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನೌಕರಿಯ ಸಂದರ್ಶನ ‘ಪುಟ್ ಆಫ್’ ಆಗಿದೆ ಎಂದು ಪತ್ರ ಬಂತು. ಲೈಟ್ ಆಫ್, ಫ್ಯಾನ್ ಆಫ್ ಗೊತ್ತಿತ್ತು. ಸಂದರ್ಶನವೂ ಬಂದ್ ಆಯಿತೆಂದು ತಿಳಿದು ಬಾಡಿಗೆ ಕೋಣೆ ಬಿಟ್ಟು ಗದಗಿಗೆ, ಅಜ್ಜಿಯ ಮನೆಗೆ ಹೋದೆ. ಅವರು ಮುಂದೂಡಿದ್ದರು ಅಷ್ಟೇ. ಹೊಸ ತಾರೀಖಿನ ಪತ್ರ ಹಳೆಯ ವಿಳಾಸಕ್ಕೆ ಬಂದಿತ್ತು. ನನ್ನ ಕೈಗೆ ಸಿಗುವಾಗ ಆ ತಾರೀಖು ದಾಟಿ ಒಂಬತ್ತು ದಿನ. ಆ ಸಂಕಟ ಇನ್ನೂ ಹೋಗಿಲ್ಲ.

ಅದಕ್ಕೇ ಹುಡುಗಿಗೆ ಉತ್ತರ ಹೇಳದೆ ಎಲ್ಲರನ್ನೂ ಕೇಳಿದೆ: ‘ಹಚ್ಚು ಅಂದ್ರ ಏನು?’

‘ದೀಪಾ ಹಚ್ಚೂದ್ರಿ.’ ‘ರೊಟ್ಟಿಗೆ ಬೆಣ್ಣಿ ಹಚ್ಚೂದು.’ ‘ಫೋನ್ ಹಚ್ಚೂದು.’ ‘ಗಿಡಾ ಹಚ್ಚೂದು.’ ‘ಸಾಲಿಗೆ ಹಚ್ಚೂದು.’ ಮಾತೇ ಆಡದ ಹುಡುಗನೊಬ್ಬ ಮೂಲೆಯಿಂದ, ‘ನಮ್ಮ ತಮ್ಮ ಅಜ್ಜೀನ್ನ ಭಾಳ ಹಚ್ಕೊಂಡಾನ್ರಿ’ ಅಂದ.

ನಾನು ಕಾಯುತ್ತಿದ್ದದ್ದು ಅದನ್ನೇ. ಹಚ್ಚು ಪಕ್ಕದಲ್ಲಿ ಕೊಳ್ಳು ಬಂದು ಕೂತಿತು, ಜೀವ ಹಚ್ಚಿಕೊಳ್ಳುವ ಮಾತಾಯಿತು. ಇಂಗ್ಲಿಷಿನಲ್ಲಿ ಆ ಕೆಲಸ ಆಫ್, ಆನ್, ಅಪ್, ಔಟ್‌ಗಳದ್ದು. ಪುಟ್ ಔಟ್ ಎಂದರೆ ಆರಿಸು. ಪುಟ್ ಆನ್ ಎಂದರೆ ಅಂಗಿ ತೊಡು, ಲೈಟ್ ಹಚ್ಚು. ತೂಕದ ಮಾತಾದರೆ ಮೈ ಬರುವುದು. ಪುಟ್ ಡೌನ್ ಎಂದರೆ ಕೆಳಗಿಡು, ಬರೆದುಕೋ, ನಾಲ್ಕು ಜನರ ಮುಂದೆ ಹೀಯಾಳಿಸು. ವಾಸಿಯಾಗದ ಬೇನೆಯ ನಾಯಿಗೆ ವೈದ್ಯರು ಸೂಜಿ ಕೊಟ್ಟು ಸಾವು ತರುವುದಕ್ಕೂ ಅದೇ ಮಾತು. ಪುಟ್ ಅಪ್ ವಿತ್ ಎಂದರೆ ತಾಳಿಕೋ. ಪುಟ್ ಥ್ರೂ ಎಂದರೆ ನಮ್ಮ ಫೋನ್ ಹಚ್ಚಿಕೊಡುವುದೇ.

ಇನ್ನೊಂದು ಸೂಕ್ಷ್ಮವನ್ನು ಮೂರು ಸಲ ಬರೆಸಿದೆ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಆದರೆ ‘ಇಟ್’ ಬಂದರೆ ನಡುವೆಯೇ ಕೂರಬೇಕು, ‘ಪುಟ್ ಇಟ್ ಆಫ್’. ಪುಟ್ ಅಪ್ ವಿತ್ ಮಾತ್ರ ಯಾರನ್ನೂ ನಡುವೆ ಬಿಟ್ಟುಕೊಳ್ಳುವುದಿಲ್ಲ.

ದೊಡ್ಡ ಕಷ್ಟ ಕೊಡುವುದು ಇಂಥ ಸಣ್ಣ ಕ್ರಿಯಾಪದಗಳೇ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಎಂಬ ಪದಕ್ಕೆ. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಅದನ್ನು ದಾಟಿತು. ಪಟ್ಟಿ ಬಾಯಿಪಾಠ ಮಾಡಿದರೆ ದಕ್ಕುವಂಥದ್ದಲ್ಲ. ವಾಕ್ಯದ ಸಮೇತ ಕಲಿಯಿರಿ ಎನ್ನುತ್ತೇನೆ.

ಹೊರಡುವಾಗ ಮೂಲೆಯ ಹುಡುಗ ಬಾಗಿಲಲ್ಲಿ ನಿಂತ. ‘ಮುಂಜಾನೆ ಅಕ್ಕನ್ನ ನರಗುಂದ ಬಸ್ಸಿಗೆ ಹಚ್ಚಿ ಬಂದೆ, ಇದಕ್ಕ ಏನಂತಾರ್ರಿ?’

‘ಐ ಪುಟ್ ಮೈ ಸಿಸ್ಟರ್ ಆನ್ ದ ಬಸ್.’

‘ಹಚ್ಚು ಇದ್ದಲ್ಲೇ ಪುಟ್ ಬಂತಲ್ರೀ!’ ಎಂದು ಚಪ್ಪಲಿ ಮೆಟ್ಟಿ ಓಡಿದ.