ಬಾಗಿಲಿಗೊಂದು ಕಥೆ

7 ಡಿಸೆಂಬರ್ 2025, ಭಾನುವಾರ
ಚಿತ್ರದುರ್ಗ

ಅಪ್ಪಾಜಿ ಇವತ್ತು ತಾವೂ ಕೋಟೆಗೆ ಬರ್ತೀನಿ ಅಂದರು. ಅಮ್ಮ ಬೇಡ ಅಂದಳು. ಅಷ್ಟರಲ್ಲಿ ಅವರು ಮಫ್ಲರ್ ಸುತ್ತಿಕೊಂಡು ಗೇಟಿನ ಹತ್ತಿರ ನಿಂತಾಗಿತ್ತು.

ಮೊದಲನೇ ಬಾಗಿಲಲ್ಲಿ ಗೋಡೆ ಮೇಲೆ ಕೆತ್ತಿದ ಹಾವಿನ ಮುಂದೆ ನಿಂತರು. ಕಥೆ ಶುರು. ಆಮೇಲಿನ ಬಾಗಿಲಲ್ಲಿ ಮತ್ತೊಂದು. 'ದಾರಿ ಯಾಕಿಷ್ಟು ಡೊಂಕು ಹೇಳು? ಆನೆಗೆ ಓಟ ಸಿಗಬಾರದು. ಓಟ ಸಿಕ್ಕಿದರೆ ಗುದ್ದಿ ಬಾಗಿಲು ಮುರಿಯುತ್ತೆ.' ಸಿಡಿಮದ್ದು ಬೀಸುವ ಕಲ್ಲಿನ ಹತ್ತಿರ ಇನ್ನೂ ಜಾಸ್ತಿ ಹೊತ್ತು. ಗುಂಡಿಯೊಳಗೆ ನಾಲ್ಕೇ ಕಲ್ಲು, ಅವನ್ನ ನಾಲ್ಕು ಸಲ ಎಣಿಸಿದರು. ನನಗೋ ಬಿಸಿಲೇರುವ ಮೊದಲು ಮೇಲೆ ಹೋಗುವ ಆತುರ. 'ಇದೆಲ್ಲ ನಂಗೊತ್ತು, ನಡೀರಿ ಅಪ್ಪಾಜಿ' ಅಂದುಬಿಟ್ಟೆ.

ಮುಂದಿನ ಬಾಗಿಲಲ್ಲಿ ಅವರ ಕೈ ನೋಡಿದೆ. ಗಾರೆ ಇಲ್ಲದೆ ಕೂಡಿಸಿದ ಆ ದೊಡ್ಡ ಕಲ್ಲುಗಳ ಸಂದಿಗೆ ಬೆರಳು ಸಿಕ್ಕಿಸಿ ಹಿಡಿದುಕೊಂಡಿದ್ದರು. ಮಫ್ಲರ್ ಹೆಗಲಿಗೆ ಬಂದಿತ್ತು. ಕತ್ತಿನ ನರ ಪಟಪಟ ಹೊಡೀತಿತ್ತು. ಕಥೆ ಮಾತ್ರ ನಿಂತಿರಲಿಲ್ಲ, ಎರಡೆರಡು ಪದಕ್ಕೊಮ್ಮೆ ಉಸಿರು ತಗೊಂಡು ಹೇಳುತ್ತಲೇ ಇದ್ದರು.

ಅಯ್ಯೋ ದಡ್ಡಿ.

ಅಲ್ಲಿಂದ ಮುಂದೆ ನಾನೇ ಕೇಳಲು ಶುರು ಮಾಡಿದೆ. ಕಿಂಡಿ ಹತ್ತಿರ ಕಲ್ಲಿನ ಮೇಲೆ ಕೂರಿಸಿ, 'ಓಬವ್ವನ ಗಂಡ ಊಟಕ್ಕೆ ಬಂದಿದ್ದನಲ್ಲ, ಆ ಊಟ ಮುಗಿಸಿದನಾ?' ಅಂದೆ.

ಜೋರಾಗಿ ನಕ್ಕರು. 'ಅದನ್ನ ಯಾರೂ ಹೇಳಿಲ್ಲ ಕಣವ್ವ. ಅವಳು ನೀರಿಗೆ ಹೋದಳು, ಕಿಂಡೀಲಿ ಹೈದರಾಲಿ ಕಡೆಯವರು ತೂರ್ತಿದ್ದರು, ಒನಕೆ ತಗೊಂಡಳು. ಅಷ್ಟೇ.'

'ಅವಳು ಉಂಡಿದ್ದಳಾ?'

'ಗಂಡಂದೇ ಮುಗಿದಿಲ್ಲ, ಅವಳೆಲ್ಲಿ ಉಣ್ತಾಳೆ?' ಸ್ವಲ್ಪ ಹೊತ್ತು ಸುಮ್ಮನಿದ್ದರು. 'ನಿಮ್ಮಮ್ಮ ತಿಂಡಿ ತಿಂದಳೇನು, ಫೋನ್ ಮಾಡು.'

ಮಾಡಿದೆ. ತಿಂದಿರಲಿಲ್ಲ. ಇಬ್ಬರೂ ಬಾರದೆ ಹೇಗೆ ತಿನ್ನೋದು ಅಂತ ನನಗೇ ಬೈದಳು.

ಗೋಪಾಲಸ್ವಾಮಿ ಹೊಂಡದಲ್ಲಿ ನೀರು ಹಸಿರಾಗಿತ್ತು, ಚೆನ್ನಾಗಿತ್ತು. ಇದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಈ ಸಲ ಪೂರ್ತಿ ಕೇಳಿದೆ.

ತುಪ್ಪದ ಕೊಳದ ಬೆಟ್ಟಕ್ಕೆ ನಾನೊಬ್ಬಳೇ ಹತ್ತಿದೆ. ಬಂಡೆಗೆ ಕೊರೆದ ಆ ಗುಳಿಗಳಲ್ಲಿ ಕಾಲ್ಬೆರಳಷ್ಟೇ ಹಿಡಿಸುತ್ತೆ. ಹಿಂದೆ ಅಪ್ಪಾಜಿ ಮುಂದೆ ಹತ್ತಿ, ತಿರುಗಿ ನನಗೆ ಕೈ ಕೊಡ್ತಿದ್ದರು. ಇವತ್ತು ಕೆಳಗೆ ನನ್ನ ಚಪ್ಪಲಿ ಹಿಡಿದುಕೊಂಡು, 'ಬಲಗಾಲು ಮೊದಲು! ಬಲಗಾಲು!' ಅಂತ ಕೂಗುತ್ತಿದ್ದರು. ಮೇಲಿನಿಂದ ಗಾಳಿಯಂತ್ರಗಳು, ಊರು ಎಲ್ಲಾ ಕಂಡವು. ನಾನು ನೋಡಿದ್ದು ಆ ಮಫ್ಲರ್ ಒಂದನ್ನೇ.

ಸಂಜೆ ಮಂಡಕ್ಕಿ ತಿನ್ನುತ್ತಾ, 'ಮುಂದಿನ ಭಾನುವಾರಾನೂ ಹೋಗೋಣ' ಅಂದರು. ಅದಕ್ಕೆ ಮೊದಲು ಡಾಕ್ಟರಿಗೆ ತೋರಿಸಬೇಕು. ಅವರಿಗೆ ಅಂದರೆ ಬರಲ್ಲ. ನನಗೇ ಮಂಡಿನೋವು, ಜೊತೆಗೆ ಬನ್ನಿ ಅನ್ನೋಣ ಅಂದರೆ, ಇವತ್ತು ಬೆಟ್ಟ ಹತ್ತಿದ್ದನ್ನ ಕೆಳಗೆ ನಿಂತು ನೋಡಿದವರು ಅವರೇ.