‘ಇಂಥ ಹೊತ್ತಲ್ಲೂ ಅಣಕ ಸುದ್ದಿ ಓದ್ತೀಯಲ್ಲ, ಹೇಗೆ?’

ಈ ಪ್ರಶ್ನೆಯನ್ನು ನನಗೆ ಮದುವೆ ಮನೆಯಲ್ಲಿ ಕೇಳಿದ್ದಾರೆ, ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ, ತಿಥಿ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಸರ್ಕಾರ ಬೀಳುವಂತಿದ್ದಾಗ, ಹಗರಣ ಹೊರಬಿದ್ದಾಗ, ಮನೆಮಂದಿಯೆಲ್ಲ ಟೀವಿ ಮುಂದೆ ಕೂತಿರುವಾಗ ನಾನು ಮೊಬೈಲಿನಲ್ಲಿ ಅಣಕ ಸುದ್ದಿ, ಅಂದರೆ ನಿಜ ಸುದ್ದಿಯನ್ನು ಗೇಲಿ ಮಾಡಲು ಕಟ್ಟಿದ ಸುದ್ದಿ, ಓದುತ್ತಿರುತ್ತೇನೆ. ಓದಿ ಜೋರಾಗಿ ನಗುತ್ತೇನೆ. ಆ ನಗುವನ್ನು ಅವರಿಗೆ ಸಹಿಸಲಾಗುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ಮೊದಲು ಆ ‘ಲೂ’ ತೆಗೆಯಿರಿ. ‘ಇಂಥ ಹೊತ್ತಲ್ಲೂ’ ಅನ್ನುತ್ತೀರಲ್ಲ, ಆ ಲೂ. ನಾನು ಇಂಥ ಹೊತ್ತಲ್ಲೇ ಓದುವುದು. ಬೇರೆ ದಿನ ನನಗೆ ಅದರ ನೆನಪೂ ಬರುವುದಿಲ್ಲ.

2019ರ ಜುಲೈ ನೆನಪಿದೆಯಾ? ಸಮ್ಮಿಶ್ರ ಸರ್ಕಾರದ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರಿದ್ದರು. ಮೂರು ವಾರ ಟೀವಿಯಲ್ಲಿ ಅದೇ ಹೋಟೆಲ್ ಗೇಟು, ಅದೇ ಮಳೆ, ಅದೇ ಬಸ್ಸು. ಯಾರು ಎಷ್ಟು ಗಂಟೆಗೆ ತಿಂಡಿಗೆ ಇಳಿದರು ಅನ್ನುವುದೂ ಬ್ರೇಕಿಂಗ್ ನ್ಯೂಸ್. ಅದನ್ನು ನೋಡುವವರು ಗಂಭೀರ ಜನ, ನಾನು ಹಗುರ. ಇದು ಯಾವ ಲೆಕ್ಕ? ರಾಜೀನಾಮೆಗೂ ಅನರ್ಹತೆಗೂ ಏನು ವ್ಯತ್ಯಾಸ ಅಂತ ನಾನು ಕಲಿತದ್ದೇ ಒಂದು ಅಣಕ ಸುದ್ದಿಯಿಂದ. ತಮಾಷೆ ಎಲ್ಲಿದೆ ಅಂತ ತಿಳಿಯದೆ ಹೋದಾಗ ಪಕ್ಷ ಬದಲಿಸಿದವರನ್ನು ಅನರ್ಹಗೊಳಿಸುವ ನಿಯಮವಿರುವ ಸಂವಿಧಾನದ ಹತ್ತನೇ ಅನುಸೂಚಿ ಹುಡುಕಿ ಓದಿದೆ. ಪಕ್ಷಾಂತರ ನಿಷೇಧ 1985ರಲ್ಲಿ ಬಂತು. ಅನರ್ಹರಾದವರು ಮತ್ತೆ ಗೆದ್ದು ಬರುವ ತನಕ ಮಂತ್ರಿ ಆಗುವಂತಿಲ್ಲ ಅನ್ನುವ ಬಿಗಿ 2003ರ ತಿದ್ದುಪಡಿಯಲ್ಲಿ ಸೇರಿತು. ಸುದ್ದಿ ಗೊತ್ತಿಲ್ಲದವರಿಗೆ ಅಣಕ ಸುದ್ದಿ ಓದಿದರೆ ನಗು ಬರುವುದೇ ಇಲ್ಲ. ನಾನು ಸುದ್ದಿಯಿಂದ ತಪ್ಪಿಸಿಕೊಳ್ಳುತ್ತಿದ್ದೇನೆ ಅನ್ನುವವರು ಇದನ್ನು ಒಂದು ಸಲ ಯೋಚಿಸಲಿ.

ನನ್ನನ್ನು ಬೈದವರಲ್ಲಿ ಮೊದಲಿಗರು ನಮ್ಮ ದೊಡ್ಡಪ್ಪ. ಅವರಿರುವುದು ಕೆ.ಆರ್.ಪೇಟೆ. ಆ ಕ್ಷೇತ್ರದ ಶಾಸಕರೂ ಮುಂಬೈಗೆ ಹೋದವರ ಪಟ್ಟಿಯಲ್ಲಿದ್ದರು. ವಿಶ್ವಾಸಮತದ ಚರ್ಚೆ ಎಳೆಯುತ್ತಲೇ ಇದ್ದ ಆ ವಾರ ನಾನು ಅಲ್ಲೇ ಇದ್ದೆ. ಒಂದು ಸಾಲು ಓದಿ ನಕ್ಕುಬಿಟ್ಟೆ. ‘ಏನವ್ವ, ರಾಜ್ಯ ಹತ್ಕಂಡು ಉರೀತಾದೆ, ನಿಂಗೆ ನಗ ಬತ್ತದಾ?’ ಅಂದರು. ಗಟ್ಟಿಯಾಗಿ ಓದಿ ಹೇಳಿದೆ: ‘ಮತದಾರರು ತಮ್ಮ ಶಾಸಕರನ್ನು ಕಾಣಲು ಇಂದಿನಿಂದ ಮುಂಬೈ ಹೋಟೆಲ್‌ಗೆ ನೇರ ಬಸ್.’

ದೊಡ್ಡಪ್ಪ ಕನ್ನಡಕ ತೆಗೆದು ಕೇಳಿದರು, ‘ಎಷ್ಟ್ ಗಂಟ್ಗೆ ಬುಡ್ತದಂತೆ?’

ಸುಳ್ಳು ಸುದ್ದಿ ಅಂತ ತಿಳಿಸಿದಾಗ ಅವರಿಗೆ ಕೆಟ್ಟ ಕೋಪ ಬಂತು. ಇಂಥದ್ದನ್ನು ಬರೆಯುವವರನ್ನೂ ಓದುವವರನ್ನೂ ಸೇರಿಸಿ ಬೈದರು. ಅವರನ್ನು ದಡ್ಡರೆಂದು ಯಾರೂ ನಗಬಾರದು. ಆ ವಾರ ನಡೆಯುತ್ತಿದ್ದುದರ ಪಕ್ಕದಲ್ಲಿಟ್ಟರೆ ಒಂದು ಬಸ್ಸು ದೊಡ್ಡ ಮಾತೇ ಅಲ್ಲ. 23ರ ರಾತ್ರಿ ಮತಕ್ಕೆ ಹಾಕಿದಾಗ ಸರ್ಕಾರದ ಪರ 99, ವಿರುದ್ಧ 105. ದೊಡ್ಡಪ್ಪ ಟೀವಿ ಆರಿಸಿ, ಊಟ ಬೇಡ ಅಂತ ಮಲಗಿದರು.

ಕಷ್ಟಕಾಲದಲ್ಲಿ ನಗಬಾರದು ಅನ್ನುವವರಿಗೆ ಒಂದು ಮಾತು. ತುರ್ತು ಪರಿಸ್ಥಿತಿಗಿಂತ ಬಿಗಿಯಾದ ಕಾಲ ಯಾವುದಿತ್ತು? 1975ರ ಡಿಸೆಂಬರ್‌ನಲ್ಲಿ ಅಬು ಅಬ್ರಹಾಂ ಬರೆದ ವ್ಯಂಗ್ಯಚಿತ್ರದಲ್ಲಿ ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕುತ್ತಾರೆ, ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳಿ ಅನ್ನುತ್ತಾರೆ. ಆ ವರ್ಷದ ಎಷ್ಟು ಸಂಪಾದಕೀಯ ನಿಮಗೆ ನೆನಪಿದೆ? ಆ ತೊಟ್ಟಿಯನ್ನು ಕಂಡವರು ಮರೆತಿಲ್ಲ.

ನಿಜ ಹೇಳಬೇಕೆಂದರೆ, ನೀವೆಲ್ಲ ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಅಣಕ ಸುದ್ದಿ ಓದಿಯೂ ನಿನಗೆ ನಗು ಬಾರದೆ ಹೋದದ್ದು ಯಾವಾಗ? ಯಾರೂ ಕೇಳಿಲ್ಲ. ನಾನೇ ಹೇಳುತ್ತೇನೆ.

ಜುಲೈ 26ಕ್ಕೆ ಹೊಸ ಮುಖ್ಯಮಂತ್ರಿಯ ಪ್ರಮಾಣವಚನ ಆಯಿತು. ಬೇರೆ ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ಅಷ್ಟು ದಿನ ಸಂಪುಟದಲ್ಲಿ ಇದ್ದದ್ದು ಒಬ್ಬರೇ. ಅದೇ ನಡುವೆ ಉತ್ತರ ಕರ್ನಾಟಕಕ್ಕೆ ನೆರೆ ಬಂತು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ತುಂಬಿದವು. ನನ್ನ ಜೊತೆ ಬಿ.ಎಡ್. ಓದಿದ ಗೆಳತಿಯ ಮನೆ ಗೋಕಾಕದಲ್ಲಿ. ಅವಳು ಕಳಿಸಿದ ಫೋಟೋದಲ್ಲಿ ಬಾಗಿಲ ಚಿಲಕದ ತನಕ ನೀರು. ಗೋಕಾಕ, ಅಥಣಿ, ಕಾಗವಾಡ ಮೂರೂ ಕಡೆ ನೀರು, ಮೂರೂ ಕಡೆ ಶಾಸಕರು ಅನರ್ಹರಾಗಿ ಸ್ಥಾನ ಖಾಲಿ. ಮೇಲೆ ನೋಡಿದರೆ ಕಂದಾಯಕ್ಕೊಬ್ಬ ಮಂತ್ರಿಯಿಲ್ಲ, ನೀರಾವರಿಗೊಬ್ಬ ಮಂತ್ರಿಯಿಲ್ಲ. ಆ ಹೊತ್ತಿಗೆ ನನ್ನ ಮೊಬೈಲಿಗೆ ಬಂದ ಸಾಲು: ‘ಏಕವ್ಯಕ್ತಿ ಸಂಪುಟ ಸಭೆ: ಎಲ್ಲ ನಿರ್ಣಯಗಳಿಗೂ ಸರ್ವಾನುಮತದ ಒಪ್ಪಿಗೆ.’

ನಗಲಿಲ್ಲ. ಅಳಿಸಲೂ ಇಲ್ಲ. ಮೂರು ಸಲ ಓದಿದೆ. ಜುಲೈಯಲ್ಲಿ ಹೋಟೆಲ್ ತಿಂಡಿ ಎಣಿಸಿದವರು ಆಗಸ್ಟ್‌ನಲ್ಲಿ ಮಂತ್ರಿಗಳನ್ನು ಎಣಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆಮೇಲೆ ಅದನ್ನು ದೊಡ್ಡಪ್ಪನಿಗೆ ಕಳಿಸಿದೆ, ಏನೂ ಬರೆಯದೆ.

ಸ್ವಾತಂತ್ರ್ಯ ದಿನದ ಸಂಜೆ ಅವರೇ ಫೋನ್ ಮಾಡಿದರು. ‘ಇದೂ ಸುಳ್ಳೇನವ್ವ?’

‘ಸಭೆ ಸುಳ್ಳು ದೊಡ್ಡಪ್ಪ. ಒಬ್ರೇ ಇರೋದು ನಿಜ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಇಪ್ಪತ್ತು ದಿನ ಆಯ್ತಲ್ಲವ್ವ,’ ಅಂದರು. ‘ಗೋಕಾಕದ ಹುಡ್ಗಿ ಹೆಂಗವ್ಳೆ?’