ಪೂರ್ತಿ ವಾಸಿಯಾದ ಮೇಲೇ ಬನ್ನಿ ಅಂದಿದ್ದೆ

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಲೈನ್ ಸೂಪರ್‌ವೈಸರ್. ನಮ್ಮ ಲೈನಿನಲ್ಲಿ ಕಾಲರ್ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಹೋದ ವರ್ಷ ಒಂದು ದಿನ ನೆಲದ ಮೇಲಿದ್ದ ಬಂಡಲ್ ಎತ್ತಲು ಬಗ್ಗಿದವರು ಮತ್ತೆ ನೆಟ್ಟಗಾಗಲೇ ಇಲ್ಲ. ಇಬ್ಬರು ಹಿಡಿದುಕೊಂಡು ಆಟೋ ಹತ್ತಿಸಿದೆವು. "ಅಕ್ಕ, ಅವಸರ ಬೇಡ, ಪೂರ್ತಿ ವಾಸಿಯಾದ ಮೇಲೇ ಬನ್ನಿ" ಅಂದೆ. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಆದರೆ ಅದು ತಪ್ಪು ಮಾತು.

ಮೂರು ವಾರ ಯಾರೂ ಅವರಿಗೆ ಫೋನ್ ಮಾಡಿರಲಿಲ್ಲ, ನಾನೂ ಸೇರಿ. ಕೊನೆಗೆ ನಾನು ಮಾಡಿದಾಗ ಅವರು ಮೊದಲು ಕೇಳಿದ್ದು, "ಮೇಡಂ, ನನ್ನ ಮೆಷಿನ್ ಬೇರೆಯವರಿಗೆ ಕೊಟ್ಟುಬಿಟ್ರಾ?" ಅಂತ. ಅಷ್ಟು ದಿನವೂ ಮಲಗೇ ಇದ್ದರಂತೆ, ಎದ್ದು ಓಡಾಡಿದರೆ ಜಾಸ್ತಿಯಾಗುತ್ತೆ ಅನ್ನೋ ಭಯಕ್ಕೆ. ಸಾಮಾನ್ಯ ಸೊಂಟನೋವಿಗೆ ಹೀಗೆ ವಾರಗಟ್ಟಲೆ ಮಲಗೋದು ಒಳ್ಳೆಯದಲ್ಲ, ಆದಷ್ಟೂ ಓಡಾಡಿಕೊಂಡಿರಬೇಕು. ಆದರೆ ಕಾಲಿನ ಶಕ್ತಿ ಕುಂದಿದರೆ, ತೊಡೆಯ ಸಂದು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಸಂಬಳ ಇಲ್ಲ ಅಂತ ಒಡವೆ ಅಡ ಇಡಲು ಹೊರಟಿದ್ದರು. ಇಎಸ್ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆ, ಕಟ್ಟಿರುವವರಿಗೆ ಅಲ್ಲಿನ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ, ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡಾ 70ರಷ್ಟು ಸಿಗುತ್ತೆ. ಪ್ರತಿ ತಿಂಗಳು ಕಟ್ಟುವವರಿಗೇ ಇದು ಗೊತ್ತಿಲ್ಲ. ಇದನ್ನು ನಾವು ಮೊದಲ ದಿನವೇ ಹೇಳಬೇಕು ಅಲ್ವಾ?

ವಾಪಸ್ ಬಂದಾಗ ಇನ್ನೊಂದು ತಪ್ಪು ಮಾಡಿದೆವು. ಹಗುರ ಕೆಲಸ ಅಂತ ಚೆಕ್ಕಿಂಗ್‌ಗೆ ಹಾಕಿದೆವು. ಅಲ್ಲಿ ದಿನವಿಡೀ ನಿಂತೇ ಇರಬೇಕು. ನಿಂತು ಕೆಲಸ ಮಾಡುವವರು ಆಗಾಗ ಕೂರಲು ಸೀಟು ಇಡಬೇಕು ಅಂತ ಕಾನೂನೇ ಹೇಳುತ್ತೆ, ಆದರೆ ನಮ್ಮ ಚೆಕ್ಕಿಂಗ್ ಟೇಬಲ್ ಪಕ್ಕ ಒಂದು ಸ್ಟೂಲೂ ಇರಲಿಲ್ಲ. ನೋವು ಹೆಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ, ಹದಿನೈದು ವರ್ಷ ಟೈಲರ್ ಆಗಿದ್ದವರಿಗೆ ಮನಸ್ಸು ನೊಂದಿತ್ತು.

ಆಮೇಲೆ ಅವರ ಮೆಷಿನ್ ಅವರಿಗೇ ಕೊಟ್ಟು, ಅರ್ಧ ಗಂಟೆ ಪಕ್ಕದಲ್ಲಿ ಕೂತು ಸುಮ್ನೆ ನೋಡಿದೆ. ಪೆಡಲ್ ದೂರವಿತ್ತು, ಕಾಲು ಚಾಚಿ ಚಾಚಿ ಅವರು ಸ್ಟೂಲಿನ ತುದಿಗೆ ಬಂದು ಕೂರುತ್ತಿದ್ದರು. ಸ್ಟೂಲಿಗೆ ಒರಗು ಇಲ್ಲ. ಬಂಡಲ್ ಎಡಗಡೆ ನೆಲದ ಮೇಲೆ, ಅಂದರೆ ಪ್ರತಿ ಸಲ ಬಗ್ಗಿ, ತಿರುಗಿ, ಎತ್ತಬೇಕು. ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ಪೆಡಲ್ ಹತ್ತಿರ ಮಾಡಿಕೊಟ್ಟರು. ಒರಗಿರುವ ಕುರ್ಚಿ ಆಫೀಸಿನಿಂದ ತಂದೆವು. ಬಂಡಲ್ ಇಡಲು ಸೊಂಟದ ಎತ್ತರಕ್ಕೆ ಒಂದು ಹಳೇ ಟೇಬಲ್ ಹಾಕಿದೆವು. ಇಷ್ಟೇ ಕೆಲಸ, ಇದನ್ನು ನೋವು ಬರೋ ಮೊದಲೇ ಮಾಡಬಹುದಿತ್ತು ಅನ್ನೋದು ಇವತ್ತಿಗೂ ನನಗೆ ಬೇಜಾರು.

ಟಾರ್ಗೆಟ್ ಎರಡು ವಾರ ಅರ್ಧ, ಮುಂದಿನ ಎರಡು ವಾರ ಮುಕ್ಕಾಲು. ಲೈನ್ ಹಿಂದೆ ಬೀಳುತ್ತೆ ಅಂತ ಮ್ಯಾನೇಜರ್ ಒಪ್ಪಲಿಲ್ಲ. ಹೊಸಬರಿಗೆ ಕಾಲರ್ ಕಲಿಸಲು ಎಷ್ಟು ದಿನ ಬೇಕು, ಎಷ್ಟು ಪೀಸ್ ಹಾಳಾಗುತ್ತೆ ಅಂತ ಲೆಕ್ಕ ಹಾಕಿ ತೋರಿಸಿದ ಮೇಲೆ ಒಪ್ಪಿದರು.

ಮೆಡಿಕಲ್‌ನಿಂದ ತಂದ ಸೊಂಟದ ಬೆಲ್ಟ್ ಅನ್ನು ಅಕ್ಕ ಬಿಗಿದುಕೊಂಡೇ ಇರುತ್ತಿದ್ದರು. ಬಹಳ ದಿನದ ಸೊಂಟನೋವಿಗೆ ಇಂಥ ಬೆಲ್ಟ್ ಹೆಚ್ಚಿನವರಿಗೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯಲ್ಲಿದೆ, ವ್ಯಾಯಾಮಕ್ಕೇ ಅಲ್ಲಿ ಒತ್ತು. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಶುರುಮಾಡಿ ನಿಧಾನವಾಗಿ ಬೆಲ್ಟ್ ಬಿಟ್ಟರು.

ನೋವು ಈಗಲೂ ಆಗಾಗ ಬರುತ್ತೆ. ಬಂದಾಗ ಎದ್ದು, ನೀರಿನ ಫಿಲ್ಟರ್‌ವರೆಗೆ ಹೋಗಿ ಬರುತ್ತಾರೆ. ಯಾಕೆ ಎದ್ರಿ ಅಂತ ನಮ್ಮ ಲೈನಿನಲ್ಲಿ ಯಾರೂ ಕೇಳುವುದಿಲ್ಲ.